ಸೀಮೆಸುಣ್ಣದ ಗುಡ್ಡಗಳ ಮೇಲೆ ಮಕ್ಕಳೊಂದಿಗೆ ಚಾರಣ: ಇಂಗ್ಲೆಂಡಿನ ಸೌತ್ ಡೌನ್ಸ್

ಹಸಿರು ಹುಲ್ಲಿನ ಹೊದಿಕೆ, ಅದರ ಅಂಚಿಗೆ ಕತ್ತರಿಸಿ ನಿಲ್ಲಿಸಿದಂತಹ ಬಿಳಿಯ ಗೋಡೆ, ಕೆಳಗೆ ಕಡಲು. ಇಂಗ್ಲೆಂಡಿನ ಪ್ರವಾಸಿ ಕ್ಯಾಲೆಂಡರುಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ಈ ಚಿತ್ರವನ್ನು ಕಂಡವರು ಅದು ಡೋವರ್ ಎಂದು ಭಾವಿಸುವುದೇ ಹೆಚ್ಚು. ಆದರೆ ಎಷ್ಟೋ ಬಾರಿ ಅದು ಡೋವರ್ ಆಗಿರುವುದಿಲ್ಲ. ಅಲ್ಲಿಂದ ಪಶ್ಚಿಮಕ್ಕೆ, ಸಸೆಕ್ಸ್ ಕರಾವಳಿಯಲ್ಲಿರುವ ಸೆವೆನ್ ಸಿಸ್ಟರ್ಸ್, ಅಂದರೆ 'ಏಳು ಸೋದರಿಯರು' ಎಂಬ ಗುಡ್ಡಗಳ ಸಾಲು ಅದು. ಲಂಡನ್‌ನಿಂದ ರೈಲಿನಲ್ಲಿ ಒಂದೂವರೆ ಗಂಟೆಯ ಆಸುಪಾಸಿನ ದೂರ.

ಈ ಚಿತ್ರ ಎರಡು ಸಂಗತಿಗಳನ್ನು ಮರೆಮಾಡುತ್ತದೆ. ಒಂದು, ಬಿಳಿ ಗೋಡೆಯ ಬೆನ್ನಿಗಿರುವ ಗುಡ್ಡಗಾಡು ಪುಟ್ಟ ಮಕ್ಕಳೂ ಅಜ್ಜ-ಅಜ್ಜಿಯರೂ ಆರಾಮವಾಗಿ ನಡೆಯಬಹುದಾದಷ್ಟು ಸೌಮ್ಯವಾಗಿದೆ ಎಂಬುದು. ಇನ್ನೊಂದು, ಗೋಡೆಯ ಅಂಚು ಯಾವ ಕ್ಷಣದಲ್ಲಾದರೂ ಕುಸಿಯಬಹುದಾದಷ್ಟು ದುರ್ಬಲ ಎಂಬುದು. ಮಕ್ಕಳನ್ನು ಕರೆದುಕೊಂಡು ಇಲ್ಲಿಗೆ ಹೋಗುವ ಕುಟುಂಬವೊಂದು ಎರಡನ್ನೂ ಅರಿತಿರಬೇಕು. ಉದ್ಯೋಗ ನಿಮಿತ್ತ ಲಂಡನ್ ಮತ್ತು ಸುತ್ತಲಿನ ಊರುಗಳಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಿಗೆ ಬೇಸಿಗೆ ರಜೆಯಲ್ಲಿ ತಂದೆ-ತಾಯಿ ಬಂದಾಗ ಒಂದು ದಿನದ ಪ್ರವಾಸಕ್ಕೆ ಆರಿಸಿಕೊಳ್ಳಬಹುದಾದ ಜಾಗಗಳಲ್ಲಿ ಇದು ಮುಖ್ಯವಾದದ್ದು.

ಹೆಸರಿನಲ್ಲಿ 'ಡೌನ್', ನೆಲದಲ್ಲಿ ದಿಬ್ಬ

'ಡೌನ್ಸ್' ಎಂಬ ಪದ ಮೊದಲ ಬಾರಿಗೆ ಕೇಳಿದವರನ್ನು ಗೊಂದಲಕ್ಕೀಡುಮಾಡುತ್ತದೆ. ಹಳೆಯ ಇಂಗ್ಲಿಷಿನಲ್ಲಿ 'ದೂನ್' ಎಂದರೆ ಗುಡ್ಡ ಎಂದೇ ಅರ್ಥ. ಹೀಗಾಗಿ ಸೌತ್ ಡೌನ್ಸ್ ಎಂದರೆ ದಕ್ಷಿಣದ ಗುಡ್ಡಗಳು. ಹ್ಯಾಂಪ್‌ಷೈರ್‌ನ ವಿಂಚೆಸ್ಟರ್‌ನಿಂದ ಆರಂಭವಾಗಿ ಪೂರ್ವಕ್ಕೆ ಚಾಚಿಕೊಂಡು ಈಸ್ಟ್‌ಬೋರ್ನ್ ಬಳಿ ಕಡಲನ್ನು ಸೇರುವ ಈ ಪ್ರದೇಶವನ್ನು 2010ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ವಿಸ್ತೀರ್ಣ 1,600 ಚದರ ಕಿಲೋಮೀಟರ್‌ಗಿಂತ ಹೆಚ್ಚು. ನಮ್ಮ ರಾಷ್ಟ್ರೀಯ ಉದ್ಯಾನಗಳಂತೆ ಇದು ಜನವಸತಿ ಇಲ್ಲದ ಅರಣ್ಯವಲ್ಲ. ಊರುಗಳು, ಗದ್ದೆಗಳು, ಚರ್ಚುಗಳು, ಕುರಿ ಹಿಂಡುಗಳು ಎಲ್ಲವೂ ಉದ್ಯಾನದ ಒಳಗೇ ಇವೆ. ಪ್ರವೇಶ ದ್ವಾರವಾಗಲಿ, ಟಿಕೆಟ್ ಆಗಲಿ ಇಲ್ಲ.

ಎತ್ತರದ ದೃಷ್ಟಿಯಿಂದ ಪಶ್ಚಿಮ ಘಟ್ಟದ ಚಾರಣಿಗರಿಗೆ ಇವು ಗುಡ್ಡಗಳೆಂದೇ ಅನ್ನಿಸಲಿಕ್ಕಿಲ್ಲ. ಮುಳ್ಳಯ್ಯನಗಿರಿ 1,900 ಮೀಟರ್ ದಾಟುತ್ತದೆ; ಬ್ರೈಟನ್ ನಗರದ ಹಿಂದಿರುವ ಡಿಚ್ಲಿಂಗ್ ಬೀಕನ್ 248 ಮೀಟರ್ ಮಾತ್ರ. ಆದರೆ ಕುಟುಂಬದ ಚಾರಣಕ್ಕೆ ಇದೇ ಅನುಕೂಲ. ಜಿಗಣೆಯಿಲ್ಲ, ದಟ್ಟ ಕಾಡಿಲ್ಲ, ದಾರಿ ತಪ್ಪುವ ಭಯ ಕಡಿಮೆ. ಕತ್ತರಿಸಿದಂತೆ ಗಿಡ್ಡವಾಗಿರುವ ಹುಲ್ಲಿನ ಮೇಲೆ ಮಕ್ಕಳು ಓಡುತ್ತಾ ಉರುಳುತ್ತಾ ಹೋಗಬಹುದು.

ಈ ಗುಡ್ಡಗಳು ಆಗಿರುವುದು ಸೀಮೆಸುಣ್ಣದಿಂದ. 'ಸೀಮೆ' ಎಂಬ ವಿಶೇಷಣವನ್ನು ನಮ್ಮ ಹಿರಿಯರು ಸೀಮೆಎಣ್ಣೆ, ಸೀಮೆಹುಣಸೆಗಳಂತೆ ಪರದೇಶದಿಂದ ಬಂದದ್ದಕ್ಕೆ ಅಂಟಿಸಿದರು. ಆ ಸೀಮೆಯ ಸುಣ್ಣ ರಾಶಿರಾಶಿಯಾಗಿ ಬಿದ್ದಿರುವ ನೆಲಗಳಲ್ಲಿ ಇದೂ ಒಂದು. (ಈಗ ಶಾಲೆಗಳ ಕಪ್ಪುಹಲಗೆಯ ಮೇಲೆ ಬರೆಯುವ ಕಡ್ಡಿ ಹೆಚ್ಚಾಗಿ ಜಿಪ್ಸಮ್‌ನದು ಎಂಬುದು ಬೇರೆ ಮಾತು.) ಡೈನೋಸಾರ್‌ಗಳ ಕೊನೆಯ ಕಾಲಘಟ್ಟದಲ್ಲಿ, ಅಂದರೆ ಸುಮಾರು 10 ಕೋಟಿಯಿಂದ 6.6 ಕೋಟಿ ವರ್ಷಗಳ ಹಿಂದೆ, ಇಲ್ಲಿ ಬೆಚ್ಚನೆಯ ಕಡಲಿತ್ತು. ಅದರಲ್ಲಿ ತೇಲುತ್ತಿದ್ದ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಪಾಚಿಗಳ ಸುಣ್ಣದ ಕವಚಗಳು ಸತ್ತಮೇಲೆ ತಳಕ್ಕೆ ಬಿದ್ದು ಕೆಸರಾದವು. ಸಾವಿರ ವರ್ಷಕ್ಕೆ ಕೆಲವೇ ಸೆಂಟಿಮೀಟರ್‌ನಂತೆ ಶೇಖರವಾದ ಆ ಕೆಸರೇ ಇಂದು ನೂರಾರು ಮೀಟರ್ ದಪ್ಪದ ಬಿಳಿ ಬಂಡೆ. ಆಲ್ಪ್ಸ್ ಪರ್ವತಗಳನ್ನು ಎತ್ತಿದ ಭೂಚಲನೆಯ ದೂರದ ಅಲೆ ಇದನ್ನೂ ಮೇಲಕ್ಕೆ ಬಾಗಿಸಿತು. ಬಂಡೆಗೋಡೆಯಲ್ಲಿ ಅಡ್ಡಡ್ಡ ಕಾಣುವ ಕಪ್ಪು ಪಟ್ಟಿಗಳು ಚಕಮಕಿ ಕಲ್ಲಿನವು. ಅದೇ ಕಲ್ಲು ಉದುರಿ, ಅಲೆಗಳಲ್ಲಿ ಉರುಳಿ, ಕಡಲತೀರದ ತುಂಬ ಗುಂಡುಕಲ್ಲುಗಳಾಗಿ ಹರಡಿದೆ. ಸುತ್ತಲಿನ ಹಳ್ಳಿಗಳ ಹಳೆಯ ಮನೆ, ಚರ್ಚುಗಳ ಗೋಡೆಗಳೂ ಚಕಮಕಿ ಕಲ್ಲಿನವೇ.

ಸೀಮೆಸುಣ್ಣ ನೀರನ್ನು ಹಿಡಿದಿಡದೆ ಒಳಗೆಳೆದುಕೊಳ್ಳುತ್ತದೆ. ಹೀಗಾಗಿ ಗುಡ್ಡದ ಮೇಲೆ ಹಳ್ಳ-ತೊರೆಗಳಿಲ್ಲ. ಹಿಂದಿನ ಕುರಿಗಾಹಿಗಳು ತಗ್ಗು ತೋಡಿ ಜೇಡಿಮಣ್ಣು ಮೆತ್ತಿ ಮಳೆನೀರು ನಿಲ್ಲಿಸುತ್ತಿದ್ದರು. 'ಇಬ್ಬನಿ ಕೊಳ' ಎಂಬ ಸುಂದರ ಹೆಸರಿನ ಈ ದುಂಡನೆಯ ಕೊಳಗಳು ಇಂದಿಗೂ ಅಲ್ಲಲ್ಲಿ ಕಾಣಸಿಗುತ್ತವೆ. ಒಳಗಿಳಿದ ನೀರು ಬಂಡೆಯ ಗರ್ಭದಲ್ಲಿ ಸಂಗ್ರಹವಾಗಿ ಸುತ್ತಲಿನ ನಗರಗಳ 10 ಲಕ್ಷಕ್ಕೂ ಹೆಚ್ಚು ಜನರಿಗೆ ಕುಡಿಯುವ ನೀರಾಗುತ್ತದೆ.

ಏಳು ಸೋದರಿಯರು: ಯಾವ ದಾರಿ ಯಾರಿಗೆ?

ಬ್ರೈಟನ್ ಮತ್ತು ಈಸ್ಟ್‌ಬೋರ್ನ್ ನಡುವೆ ಕರಾವಳಿ ರಸ್ತೆಯಲ್ಲಿ ಓಡಾಡುವ 12ನೇ ಸಂಖ್ಯೆಯ ಸರಣಿಯ ಬಸ್ಸುಗಳು ಎಕ್ಸೀಟ್ ಎಂಬಲ್ಲಿ ನಿಲ್ಲುತ್ತವೆ. 18ನೇ ಶತಮಾನದ ಕಣಜವೊಂದರಲ್ಲಿ ಸಂದರ್ಶಕರ ಕೇಂದ್ರವಿದೆ. ಸೆವೆನ್ ಸಿಸ್ಟರ್ಸ್ ಕಂಟ್ರಿ ಪಾರ್ಕ್ ಎಂದು ಕರೆಯಲಾಗುವ ಸುಮಾರು 280 ಹೆಕ್ಟೇರ್ ಪ್ರದೇಶದ ನಿರ್ವಹಣೆಯನ್ನು 2021ರಲ್ಲಿ ರಾಷ್ಟ್ರೀಯ ಉದ್ಯಾನ ಪ್ರಾಧಿಕಾರ ವಹಿಸಿಕೊಂಡಿತು. ಇಲ್ಲಿಂದ ಹೊರಡುವ ದಾರಿಗಳು ಹಲವು. ಗುಂಪಿನಲ್ಲಿ ಅತಿ ಚಿಕ್ಕ ಮಗುವಿನ ಅಥವಾ ಅತಿ ಹಿರಿಯರ ಶಕ್ತಿಯನ್ನು ನೋಡಿ ದಾರಿ ಆರಿಸುವುದು ಕ್ಷೇಮ.

ತಳ್ಳುಗಾಡಿಯಲ್ಲಿ ಕೂರುವ ಮಗುವಿದ್ದರೆ, ಮಂಡಿನೋವಿನ ಅಜ್ಜಿಯಿದ್ದರೆ, ಕುಕ್‌ಮಿಯರ್ ನದಿಯ ಕಣಿವೆಯ ದಾರಿಯೇ ಸೂಕ್ತ. ಎಕ್ಸೀಟ್‌ನಿಂದ ಕಡಲತೀರದವರೆಗೆ ಸುಮಾರು 2 ಕಿಲೋಮೀಟರ್, ಬಹುಪಾಲು ಗಟ್ಟಿ ನೆಲದ ಸಮತಟ್ಟು ಹಾದಿ. ಪಕ್ಕದಲ್ಲಿ ನದಿ ಹಾವಿನಂತೆ ಬಳುಕಿರುವುದು ಕಾಣುತ್ತದೆ. ವಿಚಿತ್ರವೆಂದರೆ ಆ ಬಳುಕಿನಲ್ಲಿ ಈಗ ನದಿಯೇ ಹರಿಯುತ್ತಿಲ್ಲ. 1846ರಲ್ಲಿ ಪ್ರವಾಹ ತಡೆಯಲೆಂದು ನೇರ ಕಾಲುವೆ ತೋಡಿ ನದಿಯನ್ನು ಅದರಲ್ಲಿ ಹರಿಸಲಾಯಿತು. ಛಾಯಾಗ್ರಾಹಕರ ಮೆಚ್ಚಿನ ಅಂಕುಡೊಂಕುಗಳು ಅಂದಿನಿಂದ ನಿಂತ ನೀರು. ಬೆಳ್ಳಕ್ಕಿ, ಬಾತು, ಕಡಲಹಕ್ಕಿಗಳನ್ನು ನೋಡುತ್ತಾ ಸಾಗಿದರೆ ಕಣಿವೆಯ ಕೊನೆಯಲ್ಲಿ ಗುಂಡುಕಲ್ಲಿನ ಕಡಲತೀರ, ಎಡಕ್ಕೆ ಮೊದಲ ಸೋದರಿಯ ಬಿಳಿ ಮೈ. ಅಲ್ಲಲ್ಲಿ ಎರಡನೇ ಮಹಾಯುದ್ಧದ ಕಾಲದ ಕಾಂಕ್ರೀಟ್ ಕಾವಲುಗೂಡುಗಳೂ ಇವೆ. ನದಿಯ ಮುಖಜದಲ್ಲಿ ಸೇತುವೆಯಿಲ್ಲ. ಆಚೆ ದಡದಲ್ಲಿ ಕಾಣುವ ಕಾವಲುಗಾರರ ಹಳೆಯ ಮನೆಗಳು ಹತ್ತಿರವೆನಿಸಿದರೂ ಅಲ್ಲಿಗೆ ಹೋಗಬೇಕಾದರೆ ಎಕ್ಸೀಟ್‌ವರೆಗೆ ಹಿಂದಿರುಗಿ ಸೇತುವೆ ದಾಟಲೇಬೇಕು. ನೀರಿಗಿಳಿದು ದಾಟುವ ಯೋಚನೆ ಬೇಡ.

ಜನಪ್ರಿಯ ಚಿತ್ರದ ದೃಶ್ಯ ಕಾಣಬೇಕಾದರೆ ಆ ಆಚೆ ದಡವೇ ಸರಿಯಾದ ಜಾಗ ಎಂಬುದನ್ನು ಮೊದಲ ಬಾರಿಗೆ ಹೋಗುವ ಬಹುತೇಕರು ತಿಳಿದಿರುವುದಿಲ್ಲ. ಏಳು ಸೋದರಿಯರ ನೆತ್ತಿಯ ಮೇಲೆ ನಿಂತವರಿಗೆ ಸೋದರಿಯರು ಕಾಣುವುದಿಲ್ಲ! ಸೀಫೋರ್ಡ್ ಪಟ್ಟಣದ ಪೂರ್ವಕ್ಕಿರುವ ಸೀಫೋರ್ಡ್ ಹೆಡ್‌ನ ಸೌತ್ ಹಿಲ್ ಬಾರ್ನ್ ಎಂಬಲ್ಲಿ ವಾಹನ ನಿಲ್ಲಿಸಿದರೆ ಅರ್ಧ ಗಂಟೆಯ ಸುಲಭ ನಡಿಗೆಯಲ್ಲಿ ಇಡೀ ಸಾಲು ಎದುರಿಗೆ ನಿಲ್ಲುತ್ತದೆ. ಐದಾರು ವರ್ಷದ ಮಕ್ಕಳಿಗೆ ಇದು ಹೇಳಿ ಮಾಡಿಸಿದ ದಾರಿ. ಚಿತ್ರಕ್ಕಾಗಿ ಅಂಚಿನ ಹತ್ತಿರ ಹೋಗುವ ಅಗತ್ಯವೂ ಇಲ್ಲಿಲ್ಲ.

ಹತ್ತು ವರ್ಷ ದಾಟಿದ, ನಡೆದು ಅಭ್ಯಾಸವಿರುವ ಮಕ್ಕಳೊಂದಿಗೆ ಸೋದರಿಯರನ್ನೇ ಏರಿಳಿಯಬಹುದು. ಎಕ್ಸೀಟ್‌ನಿಂದ ಬರ್ಲಿಂಗ್ ಗ್ಯಾಪ್‌ವರೆಗೆ ಸುಮಾರು 6 ಕಿಲೋಮೀಟರ್. ಮೊದಲನೆಯದಾದ ಹ್ಯಾವನ್ ಬ್ರೋ 77 ಮೀಟರ್ ಎತ್ತರವಿದ್ದು ಎಲ್ಲರಿಗೂ ಹಿರಿಯಕ್ಕ. ಒಂದು ಏರು, ಒಂದು ಇಳಿವು, ಮತ್ತೆ ಏರು ಎಂದು ಸಾಗುವ ಈ ದಾರಿ ಸಮುದ್ರಮಟ್ಟದಿಂದ ಹೆಚ್ಚು ಎತ್ತರವಲ್ಲದಿದ್ದರೂ ಒಟ್ಟು ಏರುವಿಕೆಯ ಲೆಕ್ಕದಲ್ಲಿ ಕಾಲುಗಳನ್ನು ಚೆನ್ನಾಗಿಯೇ ದಣಿಸುತ್ತದೆ. ಜಾಗರೂಕತೆಯಿಂದ ಎಣಿಸುವ ಮಕ್ಕಳು ಎಂಟನೆಯ ಸೋದರಿಯೊಬ್ಬಳನ್ನೂ ಪತ್ತೆಹಚ್ಚುವುದುಂಟು. ಕಡಲು ಕೊರೆದಂತೆಲ್ಲ ಹೊಸ ತಿರುವುಗಳು ಮೂಡುವುದರಿಂದ ಅವರ ಎಣಿಕೆ ತಪ್ಪೆನ್ನುವಂತಿಲ್ಲ. ಈ 6 ಕಿಲೋಮೀಟರ್ ಉದ್ದಕ್ಕೂ ಮರದ ನೆರಳಾಗಲಿ, ಕುಡಿಯುವ ನೀರಾಗಲಿ, ಶೌಚಾಲಯವಾಗಲಿ ಇಲ್ಲ. ಎಲ್ಲವನ್ನೂ ಎಕ್ಸೀಟ್‌ನಲ್ಲೇ ಮುಗಿಸಿ, ತುಂಬಿಸಿಕೊಂಡು ಹೊರಡಬೇಕು.

ಅಷ್ಟು ದೂರ ಬೇಡವೆನ್ನುವವರಿಗೆ ಈಸ್ಟ್ ಡೀನ್ ಹಳ್ಳಿಯಿಂದ ಆರಂಭಿಸುವ ಮಾರ್ಗವಿದೆ. ಹುಲ್ಲು ಮೈದಾನದ ಸುತ್ತ ಚಕಮಕಿ ಕಲ್ಲಿನ ಮನೆಗಳಿರುವ ಈ ಊರಿನಿಂದ ಬರ್ಲಿಂಗ್ ಗ್ಯಾಪ್‌ಗೆ ಗುಡ್ಡದ ಮೇಲಿಂದ 2 ಕಿಲೋಮೀಟರ್ ಆಸುಪಾಸು. ಆರ್ಥರ್ ಕಾನನ್ ಡಾಯ್ಲ್ ತಮ್ಮ ಪತ್ತೇದಾರ ಷರ್ಲಾಕ್ ಹೋಮ್ಸ್‌ನನ್ನು ನಿವೃತ್ತಿಯ ನಂತರ ಜೇನು ಸಾಕಲು ಕಳುಹಿಸಿದ್ದು ಇದೇ ಸಸೆಕ್ಸ್ ಗುಡ್ಡಗಳಿಗೆ. ಆತ ನೆಲೆಸಿದ್ದು ತಮ್ಮೂರಿನಲ್ಲೇ ಎಂದು ಈಸ್ಟ್ ಡೀನ್‌ನವರು ಮನೆಯೊಂದಕ್ಕೆ ಫಲಕವನ್ನೂ ಹಾಕಿದ್ದಾರೆ.

ಸೀಫೋರ್ಡ್‌ನಿಂದ ಈಸ್ಟ್‌ಬೋರ್ನ್‌ವರೆಗಿನ ಇಡೀ ಕರಾವಳಿ ನಡಿಗೆ 21-22 ಕಿಲೋಮೀಟರ್. ಅದು ಕಾಲೇಜು ವಯಸ್ಸಿನವರಿಗೆ ಮತ್ತು ನಿತ್ಯ ಚಾರಣಿಗರಿಗೆ. ಚಿಕ್ಕ ಮಕ್ಕಳನ್ನು ಎಳೆದುಕೊಂಡು ಹೋಗುವಂತಹದ್ದಲ್ಲ. ಬಿಸಿಲು ಅಥವಾ ಗಾಳಿ ಹೆಚ್ಚಾದ ದಿನ ಕರಾವಳಿಯನ್ನೇ ಬಿಟ್ಟು ಎಕ್ಸೀಟ್‌ನ ರಸ್ತೆಯಾಚೆಗಿನ ಫ್ರಿಸ್ಟನ್ ಅರಣ್ಯಕ್ಕೆ ಹೋಗುವುದು ಜಾಣತನ. ಬೀಚ್ ಮರಗಳ ನೆರಳಿನಲ್ಲಿ ಸೈಕಲ್ ದಾರಿಗಳೂ ಕಾಲುದಾರಿಗಳೂ ಇವೆ.

ಅಂಚಿನ ಲೆಕ್ಕ

ಈಗ ಚಿತ್ರ ಮರೆಮಾಡುವ ಎರಡನೆಯ ಸಂಗತಿ. ಈ ಬಂಡೆಗಳು ಇಷ್ಟೊಂದು ಬೆಳ್ಳಗಿರುವುದೇಕೆ? ಬೇರೆಡೆ ಬಂಡೆಗಳು ಕಾಲಾಂತರದಲ್ಲಿ ಪಾಚಿ, ಹುಲ್ಲು ಹಿಡಿದು ಮಾಸುತ್ತವೆ. ಇಲ್ಲಿ ಮಾಸಲು ಅವಕಾಶವೇ ಇಲ್ಲ. ಮೇಲ್ಮೈ ಪದೇ ಪದೇ ಕಳಚಿ ಬೀಳುತ್ತಿರುತ್ತದೆ. ಅಂದರೆ ಆ ಬಿಳುಪು ಕುಸಿತದ ಗುರುತು. ಅಲೆಗಳು ಬುಡವನ್ನು ಕೊರೆಯುತ್ತವೆ, ಮಳೆನೀರು ನೆತ್ತಿಯಿಂದ ಇಳಿದು ಬಿರುಕುಗಳನ್ನು ಹಿಗ್ಗಿಸುತ್ತದೆ, ಚಳಿಗಾಲದಲ್ಲಿ ಆ ನೀರು ಹೆಪ್ಪುಗಟ್ಟಿ ಬಂಡೆಯನ್ನು ಸೀಳುತ್ತದೆ. ಮಳೆ ಹೆಚ್ಚಾದ ಚಳಿಗಾಲದ ಬಳಿಕ ಕುಸಿತ ಹೆಚ್ಚು. ಆದರೆ ಒಣ ಬೇಸಿಗೆಯ ಪ್ರಶಾಂತ ಮಧ್ಯಾಹ್ನವೂ ಬಂಡೆ ಜಾರಿದ ಉದಾಹರಣೆಗಳಿವೆ.

ಬೀಚಿ ಹೆಡ್ ಮತ್ತು ಸೀಫೋರ್ಡ್ ಬಳಿಯ ಹೋಪ್ ಗ್ಯಾಪ್‌ನಲ್ಲಿ ನಡೆಸಿ 2016ರಲ್ಲಿ ಪ್ರಕಟವಾದ ವೈಜ್ಞಾನಿಕ ಅಧ್ಯಯನವೊಂದು, ಕಳೆದ 7,000 ವರ್ಷಗಳ ಬಹುಪಾಲು ಅವಧಿಯಲ್ಲಿ ವರ್ಷಕ್ಕೆ 2ರಿಂದ 6 ಸೆಂಟಿಮೀಟರ್‌ನಷ್ಟು ಹಿಂದೆ ಸರಿಯುತ್ತಿದ್ದ ಈ ಬಂಡೆಗಳು ಈಚಿನ 150 ವರ್ಷಗಳಲ್ಲಿ 22ರಿಂದ 32 ಸೆಂಟಿಮೀಟರ್‌ನಷ್ಟು ಸರಿಯುತ್ತಿವೆ ಎಂದು ಲೆಕ್ಕಹಾಕಿತು. ಬುಡಕ್ಕೆ ರಕ್ಷಣೆಯಾಗಿದ್ದ ಗುಂಡುಕಲ್ಲಿನ ತೀರ ತೆಳುವಾದದ್ದು ಇದಕ್ಕೆ ಒಂದು ಮುಖ್ಯ ಕಾರಣವೆಂದು ಸಂಶೋಧಕರು ಹೇಳಿದರು. ಇದು ಸರಾಸರಿ ಎಂಬುದನ್ನು ನೆನಪಿಡಬೇಕು. ವರ್ಷಗಟ್ಟಲೆ ಏನೂ ಆಗದೆ, ಒಂದು ದಿನ ಒಂದೇ ಕ್ಷಣದಲ್ಲಿ ಹಲವು ಮೀಟರ್ ಅಗಲದ ನೆಲ ಹೋಗುತ್ತದೆ. ಬೀಚಿ ಹೆಡ್‌ನಲ್ಲಿ ಪ್ರತ್ಯೇಕವಾಗಿ ನಿಂತಿದ್ದ 'ಡೆವಿಲ್ಸ್ ಚಿಮ್ನಿ' ಎಂಬ ಬಂಡೆಕಂಬ 2001ರಲ್ಲಿ ಹೀಗೆಯೇ ನೆಲಸಮವಾಯಿತು.

ಬರ್ಲಿಂಗ್ ಗ್ಯಾಪ್‌ನಲ್ಲಿ ಇದನ್ನು ಮಕ್ಕಳಿಗೆ ವಿವರಿಸಬೇಕಾದ ಅಗತ್ಯವೇ ಬೀಳುವುದಿಲ್ಲ, ಕಣ್ಣೆದುರೇ ಇದೆ. ಕರಾವಳಿ ಕಾವಲುಗಾರರಿಗಾಗಿ 1878ರಲ್ಲಿ ಕಟ್ಟಿದ ಮನೆಗಳ ಸಾಲು ಕಡಲಿನತ್ತಣ ತುದಿಯಿಂದ ಒಂದೊಂದಾಗಿ ಕಡಿಮೆಯಾಗುತ್ತ ಬಂದಿದೆ. 2013-14ರ ಚಳಿಗಾಲದ ಬಿರುಗಾಳಿಗಳ ನಂತರ, ಅಂಚಿಗೆ ಬಂದು ನಿಂತಿದ್ದ ಮನೆಯೊಂದನ್ನು ಕೆಡವಬೇಕಾಯಿತು. ಸ್ಥಳದ ಒಡೆತನ ಹೊಂದಿರುವ ನ್ಯಾಷನಲ್ ಟ್ರಸ್ಟ್ ಕಡಲನ್ನು ತಡೆಯಲು ಗೋಡೆ ಕಟ್ಟದಿರುವ ನಿಲುವು ತಳೆದಿದೆ. ಅಲ್ಲೇ ಸಮೀಪದಲ್ಲಿ ಬೆಲ್ ಟೂಟ್ ಎಂಬ ಹಳೆಯ ದೀಪಸ್ತಂಭವಿದೆ. 1830ರ ದಶಕದಲ್ಲಿ ಕಟ್ಟಿದ ಈ ಕಟ್ಟಡದ ಬೆಳಕು ಮಂಜಿನಲ್ಲಿ ಹಡಗುಗಳಿಗೆ ಕಾಣದಾದಾಗ 1902ರಲ್ಲಿ ಬೀಚಿ ಹೆಡ್‌ನ ಬುಡದಲ್ಲಿ, ನೀರಿನ ನಡುವೆ ಕೆಂಪು-ಬಿಳಿ ಪಟ್ಟೆಯ ಹೊಸ ದೀಪಸ್ತಂಭ ಬೆಳಗಿತು. ಹಳೆಯದು ವಾಸದ ಮನೆಯಾಯಿತು. ಅಂಚು ಕೆಲವೇ ಮೀಟರ್ ದೂರಕ್ಕೆ ಬಂದಾಗ, 1999ರ ಮಾರ್ಚ್‌ನಲ್ಲಿ 850 ಟನ್ ತೂಕದ ಆ ಇಡೀ ಕಟ್ಟಡವನ್ನು ಜಾಕ್‌ಗಳ ಮೇಲೆತ್ತಿ, ಕಾಂಕ್ರೀಟ್ ಹಳಿಗಳ ಮೇಲೆ 17 ಮೀಟರ್ ಹಿಂದಕ್ಕೆ ಸರಿಸಲಾಯಿತು. ಮುಂದೊಂದು ದಿನ ಮತ್ತೆ ಸರಿಸಬೇಕಾದೀತೆಂದು ಅದಕ್ಕೆ ತಕ್ಕ ಅಡಿಪಾಯವನ್ನೂ ಹಾಕಲಾಗಿದೆ.

ಹೀಗಿದ್ದರೂ ಅಂಚಿನುದ್ದಕ್ಕೂ ಬೇಲಿಯಿಲ್ಲ. ಇಷ್ಟು ದೂರ ಬೇಲಿ ಹಾಕಿದರೂ ಕೆಲವು ವರ್ಷಗಳಲ್ಲಿ ಅದು ಕಡಲಿಗೆ ಬೀಳುತ್ತದೆ ಎಂಬುದು ಒಂದು ಕಾರಣ. ಅಲ್ಲಲ್ಲಿ ಫಲಕಗಳಿವೆ, ಅಷ್ಟೆ. ಅಪಾಯವೇನೆಂದರೆ, ಮೇಲೆ ನಿಂತವರಿಗೆ ತಮ್ಮ ಕಾಲಡಿಯ ನೆಲ ಗಟ್ಟಿಯೋ ಪೊಳ್ಳೋ ತಿಳಿಯುವುದಿಲ್ಲ. ಬುಡ ಕೊರೆದುಹೋಗಿ ನೆತ್ತಿ ಮಾತ್ರ ಚಾಚಿಕೊಂಡಿದ್ದರೂ ಅದರ ಮೇಲೆ ಅದೇ ಹಸಿರು ಹುಲ್ಲು. 2017ರ ಜೂನ್‌ನಲ್ಲಿ ದಕ್ಷಿಣ ಕೊರಿಯಾದ ವಿದ್ಯಾರ್ಥಿನಿಯೊಬ್ಬಳು ಇಲ್ಲಿ ಗಾಳಿಯಲ್ಲಿ ಜಿಗಿದಂತೆ ಫೋಟೊ ತೆಗೆಸಿಕೊಳ್ಳಲು ಹೋಗಿ ಆಯತಪ್ಪಿ ಬಿದ್ದು ಮೃತಪಟ್ಟಳು. ಅದೇ ತಿಂಗಳು ಸೀಫೋರ್ಡ್ ಹೆಡ್‌ನಲ್ಲಿ ಬಂಡೆಯ ಭಾರಿ ಭಾಗವೊಂದು ಹಗಲಿನಲ್ಲೇ ಕುಸಿದು, ಕೆಳಗಿದ್ದ ಜನ ಓಡಬೇಕಾಯಿತು.

ಕುಟುಂಬದ ಹಿರಿಯರು ಪಾಲಿಸಬೇಕಾದದ್ದು ಕಷ್ಟದ್ದೇನಲ್ಲ. ಅಂಚಿನಿಂದ ಕನಿಷ್ಠ 5 ಮೀಟರ್ ದೂರವಿರಬೇಕು. ಮಕ್ಕಳಿದ್ದರೆ ಇನ್ನೂ ಹೆಚ್ಚು, ಗಾಳಿಯಿದ್ದರೆ ಅದಕ್ಕೂ ಹೆಚ್ಚು. ಬೇರೆಯವರು ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದಾರೆಂಬುದು ಆ ಜಾಗ ಸುರಕ್ಷಿತ ಎಂಬುದಕ್ಕೆ ಪುರಾವೆಯಲ್ಲ. ವಾಸ್ತವವಾಗಿ ಅಲ್ಲಿ ದಿನವೂ ಕಾಣುವ ದೃಶ್ಯ ಅದು. ಕಡಲತೀರದಲ್ಲಿ ಬಂಡೆಯ ಬುಡಕ್ಕೆ ಒರಗಿ ಬುತ್ತಿ ಬಿಚ್ಚುವುದೂ ಅಷ್ಟೇ ಅಪಾಯಕಾರಿ. ಉಬ್ಬರ-ಇಳಿತದ ವೇಳಾಪಟ್ಟಿಯನ್ನು ಮುಂಚಿತವಾಗಿ ನೋಡಿಕೊಳ್ಳದೆ ಕುಕ್‌ಮಿಯರ್‌ನಿಂದ ಬರ್ಲಿಂಗ್ ಗ್ಯಾಪ್‌ವರೆಗೆ ಬಂಡೆಯ ಕೆಳಗಿನಿಂದ ನಡೆಯಲು ಹೊರಟವರು ಮಧ್ಯದಲ್ಲಿ ಸಿಕ್ಕಿಬೀಳುತ್ತಾರೆ. ನಡುವೆ ಮೇಲೆ ಹತ್ತುವ ದಾರಿಯೇ ಇಲ್ಲ. ಬರ್ಲಿಂಗ್ ಗ್ಯಾಪ್ ಮತ್ತು ಹೋಪ್ ಗ್ಯಾಪ್‌ನ ಮೆಟ್ಟಿಲುಗಳೂ ಕುಸಿತ ಅಥವಾ ದುರಸ್ತಿಯ ಕಾರಣ ಮುಚ್ಚುವುದುಂಟು. ಹೊರಡುವ ಮೊದಲು ವಿಚಾರಿಸುವುದು ಒಳಿತು. ತುರ್ತು ಸಂದರ್ಭದಲ್ಲಿ 999ಕ್ಕೆ ಕರೆಮಾಡಿ ಕೋಸ್ಟ್‌ಗಾರ್ಡ್ ಕೇಳಬೇಕು.

ಗುಡ್ಡದ ಮೇಲೊಂದು ಛತ್ರಿ

ಕಡಲ ಅಂಚಿನ ಆತಂಕವೇ ಬೇಡವೆನ್ನುವ ಕುಟುಂಬಗಳಿಗೆ, ಅದರಲ್ಲೂ ಭಾರತದಿಂದ ಹೋದವರಿಗೆ, ಬ್ರೈಟನ್‌ನ ಹಿಂಬದಿಯ ಗುಡ್ಡದಲ್ಲಿ ಬೇರೆಯದೇ ನಡಿಗೆಯಿದೆ. ಹುಲ್ಲುಗಾವಲಿನ ನಡುವೆ, ಸಮುದ್ರಮಟ್ಟದಿಂದ ಸುಮಾರು 150 ಮೀಟರ್ ಎತ್ತರದಲ್ಲಿ, ಎಂಟು ಕಂಬಗಳ ಮೇಲೆ ಗುಮ್ಮಟ ಹೊತ್ತ ಬಿಳಿ ಅಮೃತಶಿಲೆಯ ಮಂಟಪವೊಂದು ನಿಂತಿದೆ. ಹೆಸರು 'ಛತ್ರಿ'.

ಮೊದಲ ಮಹಾಯುದ್ಧದಲ್ಲಿ ಫ್ರಾನ್ಸ್ ಮತ್ತು ಬೆಲ್ಜಿಯಂನ ರಣರಂಗದಲ್ಲಿ ಗಾಯಗೊಂಡ ಭಾರತೀಯ ಸೈನಿಕರನ್ನು ಬ್ರೈಟನ್‌ಗೆ ತರಲಾಗುತ್ತಿತ್ತು. ಹೊರಗೆ ಮೊಘಲ್ ಶೈಲಿಯ ಗುಮ್ಮಟಗಳಿರುವ ರಾಜಭವನ ರಾಯಲ್ ಪೆವಿಲಿಯನ್, 1914ರ ಡಿಸೆಂಬರ್‌ನಿಂದ 1916ರ ಆರಂಭದವರೆಗೆ ಅವರ ಆಸ್ಪತ್ರೆಯಾಗಿತ್ತು. ಜಾತಿ-ಮತದ ಆಚಾರ ಕೆಡದಂತೆ ಒಂಬತ್ತು ಪ್ರತ್ಯೇಕ ಅಡುಗೆಮನೆಗಳನ್ನು ನಡೆಸಲಾಗುತ್ತಿತ್ತು. ನಗರದ ಮೂರು ಆಸ್ಪತ್ರೆಗಳಲ್ಲಿ ಒಟ್ಟು 12,000ದಷ್ಟು ಭಾರತೀಯರು ಚಿಕಿತ್ಸೆ ಪಡೆದರು. ಬದುಕುಳಿಯದ ಮುಸ್ಲಿಂ ಸೈನಿಕರನ್ನು ವೋಕಿಂಗ್‌ನಲ್ಲಿ ದಫನ ಮಾಡಲಾಯಿತು. 53 ಹಿಂದೂ ಮತ್ತು ಸಿಖ್ ಸೈನಿಕರ ದೇಹಗಳನ್ನು ಪ್ಯಾಚಮ್ ಬಳಿಯ ಈ ಗುಡ್ಡಕ್ಕೆ ತಂದು ಚಿತೆಯಲ್ಲಿ ದಹಿಸಿ, ಬೂದಿಯನ್ನು ಕಡಲಿಗೆ ಬಿಡಲಾಯಿತು. ಸುಟ್ಟ ಜಾಗದಲ್ಲೇ ಸ್ಮಾರಕ ಕಟ್ಟಬೇಕೆಂಬ ಸಲಹೆ ಬಂದು, ಮುಂಬೈನ ಯುವ ವಾಸ್ತುಶಿಲ್ಪಿ ಇ.ಸಿ. ಹೆನ್ರಿಕ್ಸ್ ವಿನ್ಯಾಸ ರಚಿಸಿದರು. 1921ರ ಫೆಬ್ರವರಿ 1ರಂದು ಅಂದಿನ ವೇಲ್ಸ್ ರಾಜಕುಮಾರ ಅದನ್ನು ಅನಾವರಣಗೊಳಿಸಿದರು. ಮಂಟಪದ ಕೆಳಗಿನ ಮೂರು ಗ್ರಾನೈಟ್ ಚಪ್ಪಡಿಗಳು ಚಿತೆಗಳಿದ್ದ ಕಟ್ಟೆಗಳನ್ನು ಮುಚ್ಚಿವೆ. ಸತ್ತವರ ಹೆಸರುಗಳು ಮಾತ್ರ ಬಹುಕಾಲ ಅಲ್ಲಿ ಇರಲಿಲ್ಲ. ಪಕ್ಕದಲ್ಲಿ 53 ಹೆಸರುಗಳ ಫಲಕ ಬಂದದ್ದು 2010ರಲ್ಲಿ. ಪ್ರತಿವರ್ಷ ಜೂನ್ ತಿಂಗಳಲ್ಲಿ ಇಲ್ಲಿ ಸ್ಮರಣೆಯ ಕಾರ್ಯಕ್ರಮ ನಡೆಯುತ್ತದೆ.

ಛತ್ರಿಯ ಬಳಿಗೆ ಡಾಂಬರು ರಸ್ತೆಯಿಲ್ಲ. ಪ್ಯಾಚಮ್ ಕಡೆಯಿಂದ ಕುದುರೆದಾರಿಯಲ್ಲಿ ನಡೆದೇ ಹೋಗಬೇಕು. ಏರು ನಿಧಾನವಾದದ್ದು. ಹೋಗಿ ಬರಲು ಎರಡು ಗಂಟೆ ಇಟ್ಟುಕೊಂಡರೆ ಮಕ್ಕಳಿಗೂ ಧಾವಂತವಿರದು. ದಾರಿಯಲ್ಲಿ ಹಸು-ಕುರಿಗಳು ಮೇಯುತ್ತಿರುತ್ತವೆ. ತೆರೆದ ಗೇಟನ್ನು ಮತ್ತೆ ಮುಚ್ಚಿ ಮುಂದೆ ಹೋಗಬೇಕು.

ಬ್ರೈಟನ್‌ನಿಂದ 77ನೇ ಸಂಖ್ಯೆಯ ಬಸ್ಸು ಹಿಡಿದರೆ ಡೆವಿಲ್ಸ್ ಡೈಕ್ ಎಂಬ ಇನ್ನೊಂದು ತಾಣ. ಸುಮಾರು 100 ಮೀಟರ್ ಆಳದ ಈ ಕಣಿವೆಯಲ್ಲಿ ಹನಿ ನೀರಿಲ್ಲ. ಹಿಮಯುಗದಲ್ಲಿ ನೆಲ ಹೆಪ್ಪುಗಟ್ಟಿ ನೀರು ಇಂಗಲಾಗದೆ ಮೇಲೆಯೇ ಹರಿದು ಕೊರೆದದ್ದು ಇದು ಎಂಬುದು ಭೂವಿಜ್ಞಾನಿಗಳ ವಿವರಣೆ. ಊರವರ ಕಥೆ ಬೇರೆ. ಉತ್ತರದ ಬಯಲಿನ ಚರ್ಚುಗಳನ್ನೆಲ್ಲ ಕಡಲಲ್ಲಿ ಮುಳುಗಿಸಲು ಸೈತಾನನು ರಾತ್ರಿಯೆಲ್ಲ ಕಾಲುವೆ ತೋಡುತ್ತಿದ್ದನಂತೆ. ಸದ್ದು ಕೇಳಿದ ಮುದುಕಿಯೊಬ್ಬಳು ಮೇಣದಬತ್ತಿ ಹಚ್ಚಿ ಕೋಳಿಯನ್ನು ಎಬ್ಬಿಸಲು, ಅದು ಕೂಗಿದ್ದೇ ತಡ, ಬೆಳಗಾಯಿತೆಂದು ಸೈತಾನ ಕೆಲಸ ಅರ್ಧಕ್ಕೆ ಬಿಟ್ಟು ಓಡಿದನಂತೆ. ಕೋಳಿ ಕೂಗಿಗೆ ನಿಂತುಹೋದ ದೈತ್ಯರ ಕೆಲಸದ ಕಥೆಗಳನ್ನು ನಮ್ಮ ಊರುಗಳಲ್ಲೂ ಕೇಳಿದ ಅಜ್ಜಿಯರು ಮೊಮ್ಮಕ್ಕಳಿಗೆ ಇದನ್ನು ಸೊಗಸಾಗಿ ಹೇಳಬಲ್ಲರು.

ಕಾಲಡಿಯ ಹುಲ್ಲು

ಗಿಡ್ಡ ಹುಲ್ಲು ಎಂದು ಕಡೆಗಣಿಸುವ ಈ ನೆಲದ ಒಂದು ಚದರ ಮೀಟರ್‌ನಲ್ಲಿ 40ರಷ್ಟು ಬಗೆಯ ಸಸ್ಯಗಳಿರುವುದುಂಟು. ಶತಮಾನಗಳ ಕಾಲ ಕುರಿ, ಮೊಲಗಳು ಮೇದು ಎತ್ತರದ ಗಿಡಗಳನ್ನು ತಡೆದದ್ದರಿಂದ ಮತ್ತು ಮಣ್ಣು ಸಾರವಿಲ್ಲದ್ದರಿಂದ ಸಣ್ಣ ಹೂಗಿಡಗಳು, ಕಾಡು ಆರ್ಕಿಡ್‌ಗಳು ಉಳಿದುಕೊಂಡವು. ಬೇಸಿಗೆಯಲ್ಲಿ ಅಡೋನಿಸ್ ಬ್ಲೂ, ಚಾಕ್‌ಹಿಲ್ ಬ್ಲೂ ಎಂಬ ನೀಲಿ ಚಿಟ್ಟೆಗಳು ಹಾರುತ್ತವೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಆಹಾರಕ್ಕಾಗಿ ಗುಡ್ಡಗಳನ್ನು ಉಳಲಾಯಿತು. 1953ರಲ್ಲಿ ಕಾಣಿಸಿಕೊಂಡ ಮಿಕ್ಸೊಮಟೋಸಿಸ್ ರೋಗಕ್ಕೆ ಮೊಲಗಳು ಸಾಮೂಹಿಕವಾಗಿ ಸತ್ತು ಮುಳ್ಳುಪೊದೆ ಹಬ್ಬಿತು. ಹಳೆಯ ಹುಲ್ಲುಗಾವಲಿನ ಸಣ್ಣ ತುಣುಕುಗಳಷ್ಟೇ ಈಗ ಉಳಿದಿವೆ. ಹೂ ಕೀಳದಂತೆ ಮಕ್ಕಳಿಗೆ ಮೊದಲೇ ಹೇಳುವುದು ಈ ಕಾರಣಕ್ಕೆ.

ಹೊರಡುವ ಮುನ್ನ

ಮೇಯಿಂದ ಸೆಪ್ಟೆಂಬರ್‌ವರೆಗಿನ ಕಾಲ ಅನುಕೂಲಕರ. ಜೂನ್‌ನಲ್ಲಿ ರಾತ್ರಿ 9ರವರೆಗೂ ಬೆಳಕಿದ್ದರೆ ಡಿಸೆಂಬರ್‌ನಲ್ಲಿ ಸಂಜೆ 4ಕ್ಕೇ ಕತ್ತಲಾಗುತ್ತದೆ. ಒದ್ದೆಯಾದ ಸೀಮೆಸುಣ್ಣ ಸಾಬೂನಿನಂತೆ ಜಾರುವುದರಿಂದ ಚಪ್ಪಲಿ, ಸೀರೆಯ ಕೆಳಗಿನ ಸ್ಯಾಂಡಲ್‌ಗಳು ಸಲ್ಲವು. ಹಿಡಿತವಿರುವ ಬೂಟೇ ಬೇಕು. ಆಗಸ್ಟ್‌ನಲ್ಲೂ ಗಾಳಿ ತಡೆಯುವ ಜಾಕೆಟ್ ಬೇಕು. ಬಿಳಿ ಬಂಡೆಯಿಂದ ಪ್ರತಿಫಲಿಸುವ ಬಿಸಿಲು ಚರ್ಮವನ್ನು ಸುಡುವುದರಿಂದ ಟೋಪಿಯೂ ಬೇಕು. ಎತ್ತರದ ಹುಲ್ಲಿನಲ್ಲಿ ಉಣ್ಣೆಗಳಿರುತ್ತವೆ. ಅವುಗಳಿಂದ ಲೈಮ್ ರೋಗ ಹರಡುವ ಸಾಧ್ಯತೆಯಿರುವುದರಿಂದ ಮನೆಗೆ ಮರಳಿದ ಮೇಲೆ ಮಕ್ಕಳ ಕಾಲು, ಕಿವಿಯ ಹಿಂಭಾಗ, ಕೂದಲಂಚು ಪರೀಕ್ಷಿಸಬೇಕು.

ಕಾಲುದಾರಿಗಳಲ್ಲಿ ನಡೆಯುವುದು ಇಲ್ಲಿ ಕಾನೂನುಬದ್ಧ ಹಕ್ಕು. ಖಾಸಗಿ ಹೊಲದ ನಡುವೆ ಹಾದುಹೋದರೂ ಯಾರ ಅನುಮತಿಯೂ ಬೇಡ. ಹಳದಿ ಬಾಣ ನಡೆಯುವವರ ದಾರಿಯನ್ನೂ, ನೀಲಿ ಬಾಣ ಕುದುರೆ ಮತ್ತು ಸೈಕಲ್‌ಗೂ ಮುಕ್ತವಾದ ದಾರಿಯನ್ನೂ ಸೂಚಿಸುತ್ತವೆ. ಆರ್ಡ್ನೆನ್ಸ್ ಸರ್ವೆಯ ಎಕ್ಸ್‌ಪ್ಲೋರರ್ ಸರಣಿಯ ಒ.ಎಲ್. 25 ನಕ್ಷೆ ಸೆವೆನ್ ಸಿಸ್ಟರ್ಸ್ ಮತ್ತು ಬೀಚಿ ಹೆಡ್ ಭಾಗವನ್ನು ಒಳಗೊಂಡಿದೆ. ಕಣಿವೆಗಳಲ್ಲಿ ಮೊಬೈಲ್ ಸಿಗ್ನಲ್ ಕೈಕೊಡುವುದುಂಟು, ಆದ್ದರಿಂದ ಕಾಗದದ ನಕ್ಷೆ ಜೊತೆಗಿರಲಿ. ವಾರಾಂತ್ಯದಲ್ಲಿ ಬರ್ಲಿಂಗ್ ಗ್ಯಾಪ್‌ನ ವಾಹನ ನಿಲ್ದಾಣ ಬೇಗ ತುಂಬುತ್ತದೆ. ಸೀಫೋರ್ಡ್ ಅಥವಾ ಈಸ್ಟ್‌ಬೋರ್ನ್‌ವರೆಗೆ ರೈಲು, ಅಲ್ಲಿಂದ ಬಸ್ಸು ಎಂಬ ವ್ಯವಸ್ಥೆಯೇ ಹೆಚ್ಚು ನೆಮ್ಮದಿ. ಸಂಜೆಯ ಕೊನೆಯ ಬಸ್ಸಿನ ಸಮಯವನ್ನು ಬೆಳಿಗ್ಗೆ ಇಳಿಯುವಾಗಲೇ ನಿಲ್ದಾಣದ ಫಲಕದಲ್ಲಿ ನೋಡಿ ಬರೆದಿಟ್ಟುಕೊಳ್ಳಬೇಕು.